ಬೊಗಸೆ ನೀರನ್ನೇ ನಂಬಿದ ಮರಗಪ್ಪೆ

ತೈವಾನಿನ ಬೆಟ್ಟಗಾಡುಗಳಲ್ಲಿಯೂ, ಅಲ್ಲಿಂದ ಪೂರ್ವಕ್ಕೆ ಸಮುದ್ರದಾಚೆ ಇರುವ ಜಪಾನಿನ ಇಶಿಗಾಕಿ ಮತ್ತು ಇರಿಯೊಮೊತೆ ಎಂಬ ಎರಡು ದ್ವೀಪಗಳ ಕಾಡುಗಳಲ್ಲಿಯೂ ಒಂದು ಸಣ್ಣ ಮರಗಪ್ಪೆ ವಾಸಿಸುತ್ತದೆ. ಅದರ ಹೆಸರು ಐಫಿಂಗರ್ ಮರಗಪ್ಪೆ. ವಿಜ್ಞಾನಿಗಳು ಅದನ್ನು ಕುರಿಕ್ಸಾಲಸ್ ಐಫಿಂಗೆರಿ ಎಂದು ಕರೆಯುತ್ತಾರೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಓಸ್ಕರ್ ಬೋಟ್ಗರ್ 1895ರಲ್ಲಿ ಇದನ್ನು ಮೊದಲು ವಿವರಿಸಿದರು. ಬೆಳೆದ ಕಪ್ಪೆಯ ಉದ್ದ ಮೂರರಿಂದ ನಾಲ್ಕು ಸೆಂಟಿಮೀಟರ್ ಅಷ್ಟೇ. ಕಂದು ಮತ್ತು ಹಸಿರು ಬೆರೆತ ಮೈ, ಬೆನ್ನಿನ ಮೇಲೆ ಗಾಢವಾದ ಒಂದು ಗುರುತು, ಬೆರಳ ತುದಿಗಳಲ್ಲಿ ಅಗಲವಾದ ಅಂಟುಬಿಲ್ಲೆಗಳು. ಪಾಚಿ ಹಿಡಿದ ತೊಗಟೆಯ ಮೇಲೆ ಕುಳಿತರೆ ಹತ್ತಿರ ಹೋದರೂ ಕಣ್ಣಿಗೆ ಬೀಳುವುದಿಲ್ಲ. ನೋಟಕ್ಕೆ ಇದರಲ್ಲಿ ಅಂಥ ವಿಶೇಷವೇನೂ ಇಲ್ಲ. ಆದರೆ ಈ ಕಪ್ಪೆ ತನ್ನ ಮಕ್ಕಳನ್ನು ಸಾಕುವ ರೀತಿಯ ಬಗ್ಗೆ ಓದಲು ಆರಂಭಿಸಿದ ಮೇಲೆ, ಕೆಲವು ವರ್ಷಗಳಿಂದ ನಾನು ಇದರ ಕುರಿತು ಬರುವ ಪ್ರತಿಯೊಂದು ಸಂಶೋಧನೆಯನ್ನೂ ಹುಡುಕಿ ಓದುತ್ತಿದ್ದೇನೆ. ಕನ್ನಡದಲ್ಲಿ ಇದರ ವಿಚಾರ ಎಲ್ಲಿಯೂ ನನ್ನ ಕಣ್ಣಿಗೆ ಬೀಳದಿದ್ದುದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ಜಾಗದ ಬಗ್ಗೆ ಒಂದೆರಡು ಮಾತು. ಇರಿಯೊಮೊತೆ ಸುಮಾರು 289 ಚದರ ಕಿಲೋಮೀಟರ್ ವಿಸ್ತಾರದ ದ್ವೀಪ. ಅದರ ಬಹುಪಾಲು ನಿತ್ಯಹರಿದ್ವರ್ಣದ ಕಾಡು. ವರ್ಷಕ್ಕೆ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಬೇಸಿಗೆ ಮತ್ತು ಶರತ್ಕಾಲದಲ್ಲಿ ಚಂಡಮಾರುತಗಳು ಹಾದುಹೋಗುತ್ತವೆ. 2021ರಲ್ಲಿ ಯುನೆಸ್ಕೊ ಈ ದ್ವೀಪವನ್ನು, ಉತ್ತರದ ಇನ್ನು ಕೆಲವು ದ್ವೀಪಗಳ ಕಾಡುಗಳೊಂದಿಗೆ ಸೇರಿಸಿ, ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಪಕ್ಕದ ಇಶಿಗಾಕಿಯಲ್ಲಿ ಜನವಸತಿ ಮತ್ತು ಬೇಸಾಯ ಹೆಚ್ಚು. ಕಾಡು ಬಹುಮಟ್ಟಿಗೆ 526 ಮೀಟರ್ ಎತ್ತರದ ಒಮೊತೊ ಬೆಟ್ಟದ ಸುತ್ತಮುತ್ತ ಉಳಿದಿದೆ. ಈ ಎರಡೂ ದ್ವೀಪಗಳು ಜಪಾನಿನ ಮುಖ್ಯ ಭೂಭಾಗಕ್ಕಿಂತ ತೈವಾನಿಗೇ ಹತ್ತಿರ. ಕಪ್ಪೆಯ ತೆಳುವಾದ ಚರ್ಮ ಉಪ್ಪುನೀರನ್ನು ತಾಳದು. ಹಾಗಿರುವಾಗ ಒಂದೇ ಕಪ್ಪೆ ಸಮುದ್ರದ ಎರಡೂ ದಡಗಳಲ್ಲಿ ಇದೆ ಎಂದರೆ, ಆ ದ್ವೀಪಗಳ ಹಳೆಯ ಚರಿತ್ರೆಯ ಒಂದು ತುಣುಕನ್ನು ಅದು ತನ್ನ ಮೈಯಲ್ಲಿ ಹೊತ್ತುಕೊಂಡಿದೆ ಎಂದೇ ಅರ್ಥ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಪ್ಪೆಗಳಿಗೆ ಮೊಟ್ಟೆಯಿಡಲು ಕೆರೆ, ಹೊಂಡ, ಹಳ್ಳ ಬೇಕು ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಕೆರೆಯೆಂದರೆ ಗೊದಮೊಟ್ಟೆಗಳಿಗೆ ಆಹಾರ ಹೇಗೋ ಅಪಾಯವೂ ಹಾಗೆಯೇ. ಅಲ್ಲಿ ಮೀನಿದೆ, ಕೊಡತಿಹುಳುವಿನ ಮರಿಯಿದೆ, ನೀರುಹಾವಿದೆ. ಮರಗಪ್ಪೆಗಳ ದೊಡ್ಡ ಕುಟುಂಬವಾದ ರಾಕೊಫೋರಿಡೆಯಲ್ಲಿ ಈ ಅಪಾಯದಿಂದ ಪಾರಾಗಲು ಬೇರೆಬೇರೆ ಕಪ್ಪೆಗಳು ಬೇರೆಬೇರೆ ದಾರಿ ಹಿಡಿದಿವೆ. ನಮ್ಮ ಪಶ್ಚಿಮಘಟ್ಟದ ಮಲಬಾರ್ ಹಾರುಗಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಮೊಟ್ಟೆಯ ಕಾಲವನ್ನು ಅಲ್ಲಿ ಸುರಕ್ಷಿತವಾಗಿ ಕಳೆದ ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಇಶಿಗಾಕಿ ಮತ್ತು ಇರಿಯೊಮೊತೆಯಲ್ಲಿಯೂ ನೊರೆಗೂಡು ಕಟ್ಟುವ ಹಸಿರು ಮರಗಪ್ಪೆಯೊಂದು ಇದೆ. ಇನ್ನೊಂದು ದಾರಿ ನಮ್ಮ ಘಟ್ಟದ ಪೊದೆಗಪ್ಪೆಗಳದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು ದಕ್ಷಿಣ ಭಾರತದ ಕಪ್ಪೆಗಳನ್ನು ಅಭ್ಯಾಸ ಮಾಡಿದ ಸಿ. ಆರ್. ನಾರಾಯಣ ರಾವ್ ಅವರ ಗೌರವಾರ್ಥ 2010ರಲ್ಲಿ ರಾವೋರ್ಕೆಸ್ಟೆಸ್ ಎಂಬ ಹೆಸರನ್ನು ಪಡೆದ ಕುಲ ಅದು. ಅವುಗಳಲ್ಲಿ ಈಜಾಡುವ ಗೊದಮೊಟ್ಟೆಯ ಹಂತವೇ ಇಲ್ಲ; ಮೊಟ್ಟೆಯೊಡೆದು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಹೀಗೆ ಒಂದು ಗುಂಪು ಕೆರೆಯನ್ನು ಅರ್ಧ ಬಿಟ್ಟಿತು, ಇನ್ನೊಂದು ಪೂರ್ತಿ ಬಿಟ್ಟಿತು. ಐಫಿಂಗರ್ ಮರಗಪ್ಪೆ ಮೂರನೆಯ ದಾರಿ ಹಿಡಿಯಿತು. ಅದು ಗೊದಮೊಟ್ಟೆಯನ್ನೂ ಉಳಿಸಿಕೊಂಡಿತು, ನೀರನ್ನೂ ಉಳಿಸಿಕೊಂಡಿತು. ಆದರೆ ಆ ನೀರು ಮರದ ಪೊಟರೆಯಲ್ಲಿ ಅಥವಾ ಬಿದಿರಿನ ಟೊಳ್ಳಿನಲ್ಲಿ ನಿಂತ ಬೊಗಸೆಯಷ್ಟು ಮಳೆನೀರು.

ಅಂಥ ನೀರನ್ನು ನಾನು ನೋಡಿದ್ದೇನೆ. ಮಲೆನಾಡಿನ ನಮ್ಮ ತೋಟದ ಅಂಚಿನಲ್ಲಿ ಬಿದಿರುಮೆಳೆಯೊಂದಿದೆ. ಗಳು ಕಡಿದ ಮೇಲೆ ಉಳಿಯುವ ಮೋಟುಗಳಲ್ಲಿ, ಗೆಣ್ಣಿನ ಮೇಲ್ಭಾಗದ ಟೊಳ್ಳು ಬಾಯಿ ತೆರೆದುಕೊಂಡಿರುತ್ತದೆ. ಮಳೆಗಾಲ ಹಿಡಿದೊಡನೆ ಅದು ತುಂಬುತ್ತದೆ. ಕೆಲವೇ ದಿನಗಳಲ್ಲಿ ಉದುರಿದ ಎಲೆ ಕೊಳೆತು ನೀರು ಚಹದ ಬಣ್ಣಕ್ಕೆ ತಿರುಗುತ್ತದೆ. ಬೆರಳಿನಿಂದ ಬಿದಿರನ್ನು ತಟ್ಟಿದರೆ ಮೇಲ್ಮೈಯಲ್ಲಿ ತೂಗುತ್ತಿದ್ದ ಸೊಳ್ಳೆಮರಿಗಳು ಒಮ್ಮೆಲೇ ಕೆಳಗೆ ಮುಳುಗಿ, ಸ್ವಲ್ಪ ಹೊತ್ತಿನ ಬಳಿಕ ಒಂದೊಂದಾಗಿ ಮೇಲೆ ಬರುತ್ತವೆ. ಒಳಗೋಡೆ ನುಣುಪಾಗಿದ್ದು ತೇವದಿಂದ ಲೋಳೆಗಟ್ಟಿರುತ್ತದೆ. ಸೊಳ್ಳೆಯ ಮರಿಗೆ ಅದು ಸಾಕು. ಹತ್ತಾರು ಗೊದಮೊಟ್ಟೆಗಳು ಅಲ್ಲಿ ಬೆಳೆದು ಕಾಲು ಮೂಡಿಸಿಕೊಂಡು ಹೊರಗೆ ಹತ್ತಿ ಬರಬೇಕೆಂದರೆ ಮೂರು ತೊಡಕುಗಳು ಎದುರಾಗುತ್ತವೆ. ಆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ತಿನ್ನಲು ಹೆಚ್ಚೇನೂ ಇಲ್ಲ. ಮರಿಗಳ ಹೊಲಸು ಹರಿದುಹೋಗುವುದಕ್ಕೆ ದಾರಿಯೂ ಇಲ್ಲ. ಈ ಕಪ್ಪೆಯ ಇಡೀ ಬದುಕು ಈ ಮೂರು ತೊಡಕುಗಳಿಗೆ ಹೊಂದಿಕೊಂಡು ರೂಪುಗೊಂಡಿದೆ ಎಂಬುದೇ ನನಗೆ ಇದರ ಮೇಲೆ ಇಷ್ಟು ಅಕ್ಕರೆ ಹುಟ್ಟಲು ಕಾರಣ.

ಸಂತಾನದ ಕಾಲದಲ್ಲಿ ಗಂಡು ಕಪ್ಪೆ ಇಂಥ ಟೊಳ್ಳಿನಲ್ಲೋ ಅದರ ಬಾಯಿಯ ಬಳಿಯೋ ಕುಳಿತು, ಚಿಕ್ಕದಾದ ಎತ್ತರದ ದನಿಯಲ್ಲಿ ಬಿಟ್ಟುಬಿಟ್ಟು ಕೂಗುತ್ತದೆ. ಹೆಣ್ಣು ಬಂದು ಮೊಟ್ಟೆಯಿಡುವುದು ನೀರಿನೊಳಗೆ ಅಲ್ಲ, ನೀರಿನ ಮಟ್ಟಕ್ಕಿಂತ ಮೇಲೆ, ಒಳಗೋಡೆಗೆ ಅಂಟುವಂತೆ. ಆಮ್ಲಜನಕವಿಲ್ಲದ ನೀರಿನಲ್ಲಿ ಮುಳುಗಿದರೆ ಭ್ರೂಣಗಳಿಗೆ ಉಸಿರು ಸಾಲುವುದಿಲ್ಲ. ಗೋಡೆಯ ಮೇಲಾದರೆ ಗಾಳಿ ಸಿಗುತ್ತದೆ. ಆದರೆ ಗೋಡೆಯ ಮೇಲಿನ ಮೊಟ್ಟೆಗೆ ಒಣಗುವ ಭಯ. ಆ ಭಯವನ್ನು ನೋಡಿಕೊಳ್ಳುವುದು ತಂದೆಯ ಪಾಲಿನ ಕೆಲಸ. ಹೆಣ್ಣು ಹೊರಟುಹೋದ ಮೇಲೆ ಗಂಡು ಆ ಟೊಳ್ಳಿಗೆ ಮರಳುತ್ತಿದ್ದು, ಮೊಟ್ಟೆಗಳ ಮೇಲೆ ಮೈಯೊರಗಿಸಿ ಅವನ್ನು ತೇವವಾಗಿಡುತ್ತದೆ. ತೈವಾನಿನಲ್ಲಿ ಸಂಶೋಧಕರು ಗಂಡುಗಳನ್ನು ಬೇರ್ಪಡಿಸಿ ನೋಡಿದಾಗ, ತಂದೆಯಿಲ್ಲದ ಗೂಡುಗಳಲ್ಲಿ ಬದುಕುಳಿದ ಮೊಟ್ಟೆಗಳು ಕಡಿಮೆಯಾದವು. ಒಡೆದ ಮೊಟ್ಟೆಗಳಿಂದ ಮರಿಗಳು ಜಾರಿ ಕೆಳಗಿನ ನೀರಿಗೆ ಬಿದ್ದ ಮೇಲೆ ತಂದೆಯ ಸರದಿ ಮುಗಿದು ತಾಯಿಯ ಸರದಿ ಬರುತ್ತದೆ.

ತಂದೆಯ ಆರೈಕೆ ಕಪ್ಪೆಗಳಲ್ಲಿ ನಾವು ತಿಳಿದುಕೊಂಡಿರುವಷ್ಟು ಅಪರೂಪವಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ಅನೇಕರು ಬಲ್ಲರು. 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ ಆ ಕಪ್ಪೆಯ ಗಂಡು ಹೊಳೆಯ ಕೆಸರನ್ನು ಕೈಯಲ್ಲಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮರಿ ಹೊರಬಿದ್ದ ಮೇಲೂ ತಾಯಿ ಬಂದು ಊಟ ಕೊಡುವುದು ಮಾತ್ರ ನಿಜಕ್ಕೂ ಅಪರೂಪ.

ಆ ಊಟ ಮೊಟ್ಟೆಯೇ. 1986ರಲ್ಲಿ ಜಪಾನಿನ ಸಂಶೋಧಕ ಉಎಡಾ ಈ ಕಪ್ಪೆಯ ಸಂತಾನಕ್ರಮವನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ನಿಟ್ಟಿನ ಆರಂಭದ ಕೆಲಸಗಳಲ್ಲಿ ಒಂದು. ಆಮೇಲೆ ತೈವಾನಿನ ಟುಂಗ್‌ಹಾಯ್ ವಿಶ್ವವಿದ್ಯಾಲಯದ ಯೋಂಗ್-ಚಾಯ್ ಕಾಮ್ ಮತ್ತು ಅವರ ಜೊತೆಗಾರರು ಅನೇಕ ವರ್ಷ ಮಧ್ಯ ತೈವಾನಿನ ಶಿಟೌ ಎಂಬ ಬೆಟ್ಟಪ್ರದೇಶದಲ್ಲಿ, ಬಿದಿರುವನಗಳ ನಡುವೆ, ಇದರ ಬೆನ್ನುಹತ್ತಿದರು. ಅಲ್ಲಿ ತಿಳಿದುಬಂದ ಸಂಗತಿ ಹೀಗಿದೆ. ತಾಯಿಕಪ್ಪೆ ಸುಮಾರು ವಾರಕ್ಕೊಮ್ಮೆ ತನ್ನ ಮರಿಗಳಿರುವ ಟೊಳ್ಳಿಗೆ ಮರಳಿ, ಹಿಂಭಾಗವನ್ನು ನೀರಿನಲ್ಲಿ ಅದ್ದಿ ಕೂರುತ್ತದೆ. ಗೊದಮೊಟ್ಟೆಗಳು ಗುಂಪುಗೂಡಿ ಅದರ ಸುತ್ತ ನೆರೆಯುತ್ತವೆ; ತೊಡೆಯನ್ನು, ಹೊಟ್ಟೆಯ ಕೆಳಭಾಗವನ್ನು, ಮೊಟ್ಟೆ ಹೊರಬರುವ ದ್ವಾರದ ಸುತ್ತಲಿನ ಚರ್ಮವನ್ನು ಬಾಯಿಯಿಂದ ಚುಚ್ಚಿಚುಚ್ಚಿ ಕೆಣಕುತ್ತವೆ. ಆಗ ತಾಯಿ ಗಂಡಿನ ಸೇರಿಕೆಯಿಲ್ಲದ, ಮರಿಯಾಗಲಾರದ ಮೊಟ್ಟೆಗಳನ್ನು ಬಿಡುತ್ತದೆ. ಮೊಟ್ಟೆಗಳು ಹೊರಬೀಳುತ್ತಿರುವಾಗಲೇ ಗೊದಮೊಟ್ಟೆಗಳು ಅವನ್ನು ಬಾಯಿಗೆ ಸೆಳೆದುಕೊಳ್ಳುತ್ತವೆ. ತಾಯಿ ಮತ್ತು ಮರಿಗಳ ನಡುವಿನ ಈ ಸಂಜ್ಞೆಯ ವ್ಯವಹಾರವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಕಾಮ್ ಮತ್ತು ಯಾಂಗ್ 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೂಗಿ ಹಾಡುವ ಕಪ್ಪೆಗಳ ಲೋಕದಲ್ಲಿ ಮರಿಯೊಂದು ದನಿಯೇ ಇಲ್ಲದೆ, ಬರಿಯ ಸ್ಪರ್ಶದಿಂದ ತಾಯಿಯನ್ನು ಊಟ ಕೇಳುತ್ತದೆ ಎಂಬ ವಿವರವನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸದೆ ಅಲ್ಲಿಯೇ ಬಹಳ ಹೊತ್ತು ನಿಂತಿದ್ದೆ.

ಈ ಗೊದಮೊಟ್ಟೆಗಳಿಗೆ ತಾಯಿ ಕೊಡುವ ಮೊಟ್ಟೆಯನ್ನು ಬಿಟ್ಟರೆ ಬೇರೆ ಆಹಾರವಿಲ್ಲ. ಸಾಮಾನ್ಯ ಗೊದಮೊಟ್ಟೆಯ ಬಾಯಿ ಕೆಳಮುಖವಾಗಿರುತ್ತದೆ. ಕಲ್ಲಿನ ಮೇಲಿನ ಪಾಚಿಯನ್ನು ಕೆರೆಯಲು ಅನುಕೂಲವಾಗುವಂತೆ ಸೂಕ್ಷ್ಮವಾದ ಹಲ್ಲಿನ ಸಾಲುಗಳು ಅದರ ತುಟಿಗಳ ಮೇಲೆ ಹಲವಾರು ಇರುತ್ತವೆ. ಐಫಿಂಗರ್ ಮರಗಪ್ಪೆಯ ಗೊದಮೊಟ್ಟೆಯಲ್ಲಿ ಆ ಸಾಲುಗಳು ತೀರಾ ಕಡಿಮೆ, ಬಾಯಿ ಮೇಲ್ಮುಖವಾಗಿ ತೆರೆದುಕೊಂಡಿದೆ. ಮೇಲಿನಿಂದ ಬೀಳುವುದನ್ನು ಹಿಡಿಯಲು ಅದು ಸರಿಯಾದ ಬಾಯಿ. ಪಾಚಿ ಕೆರೆಯಲು ಅದರಿಂದ ಆಗುವುದಿಲ್ಲ. ಹಾಗಾಗಿ ತಾಯಿಯನ್ನು ಹಾವು ಹಿಡಿದುಕೊಂಡು ಹೋದರೆ ಆ ಟೊಳ್ಳಿನ ಎಲ್ಲ ಮರಿಗಳ ಕಥೆಯೂ ಅಲ್ಲಿಗೆ ಮುಗಿಯಿತು. ಮರಿಗಳು ಹೆಚ್ಚಾದಷ್ಟೂ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತದೆ, ಏಕೆಂದರೆ ತಾಯಿ ಒಂದು ಸಲಕ್ಕೆ ಕೊಡಬಲ್ಲ ಮೊಟ್ಟೆಗಳಿಗೆ ಮಿತಿಯಿದೆ. ಅಲ್ಲದೆ ಪ್ರತಿ ಊಟಕ್ಕೂ ತಾಯಿ ಹೊರಗೆ ಹೋಗಿ ಹುಳು ಹಿಡಿದು ತಿಂದು, ಅದನ್ನು ತನ್ನ ಅಂಡಾಶಯದಲ್ಲಿ ಹಳದಿಯಾಗಿ ಕೂಡಿಸಿಕೊಂಡು, ಮತ್ತೆ ಅದೇ ಮೋಟನ್ನು ಹುಡುಕಿಕೊಂಡು ಬರಬೇಕು. ಕಾಡಿನ ಕೀಟಗಳನ್ನು ಮೊಟ್ಟೆಯನ್ನಾಗಿ ಮಾರ್ಪಡಿಸಿ ಬರಡು ನೀರಿಗೆ ತಂದು ಹಾಕುವ ಈ ದುಡಿಮೆಯನ್ನು ಮಮತೆ ಎಂದು ಕರೆಯುವುದು ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಆ ದುಡಿಮೆಯ ಗಾತ್ರ ಮಾತ್ರ ನನ್ನನ್ನು ತಲೆಬಾಗುವಂತೆ ಮಾಡುತ್ತದೆ. ನಾಲ್ಕು ಸೆಂಟಿಮೀಟರಿನ ಒಂದು ಜೀವ ಅದನ್ನು ವಾರವಾರವೂ ಮಾಡುತ್ತದೆ.

ಗಾಳಿಯ ತೊಡಕಿಗೂ ಊಟದ ತೊಡಕಿಗೂ ಉತ್ತರ ಸಿಕ್ಕಿತು. ಮೂರನೆಯದಾದ ಹೊಲಸಿನ ತೊಡಕಿನ ವಿಚಾರ ಬೆಳಕಿಗೆ ಬಂದದ್ದು ತೀರಾ ಈಚೆಗೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಬುನ್ ಇತೊ ಮತ್ತು ಯಾಸುಕಾಜು ಒಕಾದಾ 2024ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಐಫಿಂಗರ್ ಮರಗಪ್ಪೆಯ ಗೊದಮೊಟ್ಟೆಗಳು ಗೊದಮೊಟ್ಟೆಗಳಾಗಿರುವವರೆಗೂ ಮಲ ವಿಸರ್ಜಿಸುವುದೇ ಇಲ್ಲ. ಹೊಲಸೆಲ್ಲ ಕರುಳಿನಲ್ಲಿಯೇ ಕೂಡಿರುತ್ತದೆ. ಕಪ್ಪೆಯಾಗಿ ರೂಪ ಬದಲಿಸುವ ಹೊತ್ತು ಬಂದಾಗ ಮಾತ್ರ ಅದು ಹೊರಗೆ ಹೋಗುತ್ತದೆ.

ಇದು ಏಕೆ ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರಿನಲ್ಲಿ ಬದುಕುವ ಬಹುತೇಕ ಪ್ರಾಣಿಗಳು ಸಾರಜನಕದ ತ್ಯಾಜ್ಯವನ್ನು ಅಮೋನಿಯ ರೂಪದಲ್ಲಿ ಹೊರಹಾಕುತ್ತವೆ. ಅಮೋನಿಯ ವಿಷ, ಆದರೆ ಕೆರೆಯಲ್ಲಿ ನೀರು ಬೇಕಾದಷ್ಟಿರುವುದರಿಂದ ಅದು ಕ್ಷಣದಲ್ಲಿ ತೆಳುವಾಗಿ ನಿರುಪದ್ರವಿಯಾಗುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆಲ್ಲ ಇದರ ಅನುಭವ ಉಂಟು: ತೊಟ್ಟಿ ಚಿಕ್ಕದಾಗಿ ಮೀನು ಹೆಚ್ಚಾದರೆ, ನೀರು ಬದಲಿಸದಿದ್ದರೆ, ನೋಡಲು ತಿಳಿಯಾಗಿರುವ ನೀರಿನಲ್ಲಿಯೇ ಮೀನುಗಳು ಒಂದೊಂದಾಗಿ ಸಾಯುತ್ತವೆ. ಬಿದಿರಿನ ಟೊಳ್ಳಿನ ನೀರನ್ನು ಬದಲಿಸುವವರು ಯಾರೂ ಇಲ್ಲ. ಸಂಶೋಧಕರು ಬೇರೆ ಜಾತಿಯ ಗೊದಮೊಟ್ಟೆಗಳೊಂದಿಗೆ ಹೋಲಿಸಿ ಅಳೆದಾಗ, ಐಫಿಂಗರ್ ಗೊದಮೊಟ್ಟೆಗಳು ನೀರಿಗೆ ಬಿಟ್ಟ ಅಮೋನಿಯ ಗಮನಾರ್ಹವಾಗಿ ಕಡಿಮೆಯಿತ್ತು, ಅವುಗಳ ಕರುಳಿನಲ್ಲಿ ಮಾತ್ರ ಅದು ದಟ್ಟವಾಗಿ ಸಂಗ್ರಹವಾಗಿತ್ತು. ಅಮೋನಿಯವನ್ನು ತಾಳಿಕೊಳ್ಳುವ ಶಕ್ತಿಯೂ ಅವಕ್ಕೆ ಚೆನ್ನಾಗಿಯೇ ಇತ್ತು. ಆದರೂ ಅದಕ್ಕೊಂದು ಎಲ್ಲೆಯಿದೆ, ಆ ಎಲ್ಲೆ ದಾಟಿದರೆ ಅವೂ ಸಾಯುತ್ತವೆ. ಆದ್ದರಿಂದ ವಿಷವನ್ನು ತಾಳುವುದರ ಜೊತೆಗೆ, ವಿಷವನ್ನು ನೀರಿಗೆ ಬಿಡದಿರುವುದೂ ಅವುಗಳ ಬದುಕಿಗೆ ಅಗತ್ಯ. ಹಳದಿ ತುಂಬಿದ ಮೊಟ್ಟೆಯಂಥ ಆಹಾರದಲ್ಲಿ ಜೀರ್ಣವಾಗದೆ ಉಳಿಯುವ ಭಾಗ ಕಡಿಮೆಯಿರುವುದು ಈ ತಡೆದಿಡುವ ಕೆಲಸಕ್ಕೆ ಅನುಕೂಲವಾಗಿರಬೇಕು ಎಂಬುದು ನನ್ನ ಊಹೆ. ಹಾಗಿದ್ದರೆ ತಾಯಿ ಕೊಡುವ ಊಟವೂ ಮರಿಯ ಕರುಳೂ ಒಂದಕ್ಕೊಂದು ಹೊಂದಿಕೊಂಡೇ ಬಂದಿವೆ ಎಂದಾಗುತ್ತದೆ.

ಇಂಥ ಜೀವನಕ್ರಮ ಇದೊಂದೇ ದ್ವೀಪಗಪ್ಪೆಯ ಸ್ವತ್ತೂ ಅಲ್ಲ. ಈಶಾನ್ಯ ಭಾರತದ ಕಾಡುಗಳಲ್ಲಿ ಎತ್ತರದ ಮರದ ಪೊಟರೆಗಳಲ್ಲಿ ಬದುಕುವ ಫ್ರಾಂಕಿಕ್ಸಾಲಸ್ ಜೆರ್ಡೋನಿ ಎಂಬ ಕಪ್ಪೆಯ ಗೊದಮೊಟ್ಟೆಗಳ ಹೊಟ್ಟೆಯಲ್ಲಿಯೂ ಕಪ್ಪೆಯ ಮೊಟ್ಟೆಗಳೇ ಸಿಕ್ಕಿದವು. ಹತ್ತೊಂಬತ್ತನೆಯ ಶತಮಾನದ ಸಂಗ್ರಹದ ನಂತರ ಯಾರಿಗೂ ಕಾಣದೆ ಹೋಗಿದ್ದ ಆ ಕಪ್ಪೆಯನ್ನು ಎಸ್. ಡಿ. ಬಿಜು ಮತ್ತು ಅವರ ತಂಡ ಮತ್ತೆ ಕಂಡುಹಿಡಿದು, 2016ರಲ್ಲಿ ಅದಕ್ಕೆ ಹೊಸ ಕುಲದ ಸ್ಥಾನ ಕೊಟ್ಟಿತು. ಅದೇ 2016ರಲ್ಲಿ ತೈವಾನಿನಿಂದಲೂ ಒಂದು ಸುದ್ದಿ ಬಂತು. ಅಲ್ಲಿಯವರೆಗೆ ಐಫಿಂಗರ್ ಮರಗಪ್ಪೆ ಎಂದೇ ಎಣಿಸಲಾಗಿದ್ದ ತೈವಾನಿನ ಕೆಲವು ಕಪ್ಪೆಗಳನ್ನು ದನಿ, ದೇಹರಚನೆ ಮತ್ತು ಡಿಎನ್ಎ ಆಧಾರದ ಮೇಲೆ ಪರಿಶೀಲಿಸಿದಾಗ ಅವು ಬೇರೆಯೇ ಎರಡು ಪ್ರಭೇದಗಳೆಂದು ತಿಳಿಯಿತು. ಒಂದಕ್ಕೆ ಅದರ ಪಚ್ಚೆಬಣ್ಣದ ಕಣ್ಣುಗಳಿಂದ ಕುರಿಕ್ಸಾಲಸ್ ಬೆರಿಲಿನೈರಿಸ್ ಎಂಬ ಹೆಸರು ಬಂತು. ಇನ್ನೊಂದು ಕುರಿಕ್ಸಾಲಸ್ ವಾಂಗಿ. ಒಂದೇ ದ್ವೀಪದ ಬೆಟ್ಟಸಾಲುಗಳು ಒಂದು ಕಪ್ಪೆಯ ವಂಶವನ್ನು ಹೀಗೆ ಕವಲೊಡೆಸಿವೆ.

ಸದ್ಯಕ್ಕೆ ಐಫಿಂಗರ್ ಮರಗಪ್ಪೆ ಅಳಿವಿನಂಚಿನ ಪ್ರಾಣಿಗಳ ಸಾಲಿನಲ್ಲಿಲ್ಲ ಎಂಬುದು ಸಮಾಧಾನದ ವಿಷಯ. ಆದರೆ ಇದರ ಬದುಕು ಮನುಷ್ಯರ ಕೆಲಸದೊಂದಿಗೆ ಹೆಣೆದುಕೊಂಡಿರುವ ರೀತಿ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಶಿಟೌ ಒಂದು ಕಾಲಕ್ಕೆ, ಜಪಾನಿನ ಆಳ್ವಿಕೆಯಲ್ಲಿ, ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದ ಪ್ರಾಯೋಗಿಕ ಅರಣ್ಯವಾಗಿತ್ತು. ಈಗ ಅದನ್ನು ನ್ಯಾಷನಲ್ ತೈವಾನ್ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಅಲ್ಲಿನ ಮೋಸೊ ಬಿದಿರು ಮೂಲತಃ ಚೀನಾದ ಭೂಭಾಗದಿಂದ ತಂದು ಬೆಳೆಸಿದ್ದು. ಜನ ಗಳು ಕಡಿದು ಮನೆಗೆ, ತೋಟಕ್ಕೆ, ಬುಟ್ಟಿಗೆ ಒಯ್ದರು. ಉಳಿದ ಮೋಟುಗಳಲ್ಲಿ ಮಳೆನೀರು ನಿಂತಿತು. ಪೊಟರೆಗಳನ್ನು ಹುಡುಕುತ್ತಿದ್ದ ಕಪ್ಪೆಗೆ ಸಾಲುಸಾಲು ಗೂಡುಗಳು ನೆಲದ ಹತ್ತಿರದಲ್ಲಿಯೇ ದೊರೆತವು. ವಿಜ್ಞಾನಿಗಳು ಇದರ ಬದುಕನ್ನು ಇಷ್ಟು ಹತ್ತಿರದಿಂದ ನೋಡಲು ಸಾಧ್ಯವಾದದ್ದೂ ಆ ಮೋಟುಗಳಿಂದಲೇ. ಮರದ ಮೇಲಿನ ಪೊಟರೆಯೊಳಗೆ ವಾರಗಟ್ಟಲೆ ಇಣುಕುವುದು ಸುಲಭವಲ್ಲ. ಮೋಟಿನ ಪಕ್ಕದಲ್ಲಾದರೆ ದೀಪ ಹಿಡಿದು ಕೂರಬಹುದು.

ಮನುಷ್ಯ ಮಾಡಿಕೊಟ್ಟ ಈ ಗೂಡುಗಳ ಆಯುಸ್ಸು ಆದರೆ ಕಡಿಮೆ. ಬಿದಿರಿನ ಮೋಟು ಕೆಲವು ವರ್ಷಗಳಲ್ಲಿ ಕೊಳೆತು, ಬಿರುಕು ಬಿಟ್ಟು, ನೀರು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಹೊಸ ಮೋಟುಗಳು ಹುಟ್ಟಬೇಕಾದರೆ ಕಡಿಯುವ ಕೆಲಸ ನಡೆಯುತ್ತಿರಬೇಕು. ಬಿದಿರಿನ ಸಾಮಾನುಗಳ ಉದ್ಯಮ ಚೀನಾದತ್ತ ಸರಿದು, ಪ್ಲಾಸ್ಟಿಕ್ ಬಂದು, ಹಳ್ಳಿಗಳಲ್ಲಿ ದುಡಿಯುವ ಕೈಗಳು ಕಡಿಮೆಯಾದ ಮೇಲೆ ತೈವಾನಿನ ಎಷ್ಟೋ ಬಿದಿರುವನಗಳು ಕಡಿಯುವವರಿಲ್ಲದೆ ದಟ್ಟವಾಗಿ ಬೆಳೆದು ನಿಂತಿವೆ. ಕಾಡನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲ ಪ್ರಾಣಿಗಳಿಗೂ ಒಳಿತೆಂದು ನಾನು ಬಹುಕಾಲ ನಂಬಿದ್ದೆ, ಈಗಲೂ ಹೆಚ್ಚುಕಡಿಮೆ ಅದನ್ನೇ ನಂಬುತ್ತೇನೆ. ಆದರೆ ಮನುಷ್ಯರೇ ನೆಟ್ಟ ಬಿದಿರುವನಕ್ಕೆ ಆ ಮಾತು ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿ ಮೋಟುಗಳು ಮುಗಿದ ಮೇಲೆ ಕಪ್ಪೆಗೆ ಉಳಿಯುವುದು ಮತ್ತೆ ಮರದ ಪೊಟರೆಯೇ, ಮತ್ತು ಪೊಟರೆ ಎಳೆಯ ಮರದಲ್ಲಿ ಹುಟ್ಟುವುದಿಲ್ಲ. ಕೊಂಬೆ ಮುರಿದ ಗಾಯ ಕೊಳೆತು ನೀರು ನಿಲ್ಲುವಷ್ಟು ಆಳವಾಗಲು ಮರಕ್ಕೆ ವಯಸ್ಸಾಗಬೇಕು. ಹಳೆಯ ಮರಗಳಿರುವ ಇರಿಯೊಮೊತೆಯಲ್ಲಿ ಆ ಕೆಲಸವನ್ನು ಚಂಡಮಾರುತಗಳೇ ಮಾಡುತ್ತಿರಬಹುದು. ಬಿದಿರುವನಗಳ ನಡುವೆ ಹಳೆಯ ಮರಗಳು ವಿರಳವಾಗಿರುವ ಕಡೆ, ಗಳುಗಳನ್ನು ಆಗಾಗ ಅಲ್ಲಲ್ಲಿ ಕಡಿಯುವುದು, ಕಡಿಯುವಾಗ ಗೆಣ್ಣಿನ ಮಟ್ಟಕ್ಕೆ ತರಿಯದೆ ಅದರ ಮೇಲೆ ಒಂದು ಗೇಣಿನಷ್ಟು ಟೊಳ್ಳನ್ನು ಉಳಿಸುವುದು, ಹಾಗೂ ಮೊಟ್ಟೆಮರಿಗಳಿರುವ ಮೋಟುಗಳನ್ನು ಆ ಋತು ಮುಗಿಯುವವರೆಗೆ ಕೀಳದಿರುವುದು, ಇಷ್ಟು ಮಾಡಿದರೂ ಈ ಕಪ್ಪೆಗೆ ಗೂಡುಗಳ ಬರ ಬರಲಾರದು ಎಂದು ನನಗೆ ತೋರುತ್ತದೆ.